ಬರೀ ಗಾಳಿ

ಮಲೇಷ್ಯಾದ ಮೆಲಾಕಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಡುಪಿಯ ಡಾಕ್ಟರು ಪ್ರತಿ ನವೆಂಬರಿನಲ್ಲೂ ತಮ್ಮ ಹುಲ್ಲುಹಾಸಿನ ನೀರಿನ ಪೈಪುಗಳನ್ನು ಚಳಿಗಾಲಕ್ಕೆ ಸಿದ್ಧಪಡಿಸುತ್ತಿದ್ದರು. ಅದೂ ಚಳಿಗಾಲವೇ ಇಲ್ಲದ ಊರಿನಲ್ಲಿ! ಮೊದಲು ಇಪ್ಪತ್ತು ವರ್ಷ ಕೆನಡಾದಲ್ಲಿ ಇದ್ದವರು. "ಒಳಗೆ ನೀರು ಉಳಿಯಬಾರ್ದು ಮಾರಾಯ್ರೆ, ಹೆಪ್ಪುಗಟ್ಟಿದ್ರೆ ಪೈಪ್ ಒಡೀತದೆ" ಎನ್ನುತ್ತಿದ್ದರು. ಪೈಪಿಗೆ ಗಾಳಿ ಊದಿ ನೀರು ಹೊರದಬ್ಬಲು ಕಂಪ್ರೆಸರ್ ಕೊಡುತ್ತಿದ್ದ ಟೈರ್ ಅಂಗಡಿಯವನು, "ಡಾಕ್ಟರ್, ಇಲ್ಲಿ ಐಸ್ ಸಿಗೋದು ಗ್ಲಾಸಲ್ಲಿ ಮಾತ್ರ ಲಾ" ಎಂದು ಅಲ್ಲಿಯವರ ಧಾಟಿಯಲ್ಲಿ 'ಲಾ' ಎಳೆದು ನಗುತ್ತಿದ್ದ. ಅವರೂ ನಕ್ಕು, ಬೆವರು ಒರೆಸಿಕೊಂಡು ಕಂಪ್ರೆಸರ್ ತರುತ್ತಿದ್ದರು.

ಅವರ ಹೆಂಡತಿ ತೀರಿಕೊಂಡ ವರ್ಷ ನನ್ನನ್ನು ಕರೆದರು. ತಾವು ಕಂಪ್ರೆಸರ್ ಬಳಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ಅಂಗಳದ ಆ ತುದಿಯಲ್ಲಿ ನಿಲ್ಲಿಸಿದರು. ಪೈಪಿನಿಂದ ಚಿಮ್ಮುವ ನೀರು ತುಂತುರಾಗಿ, ಆ ತುಂತುರೂ ನಿಂತ ಮೇಲೆ ನಾನು "ಬರೀ ಗಾಳಿ" ಎಂದು ಕೂಗಬೇಕಿತ್ತು. ಬಿಸಿಲು ತಾಳಲಾರದೆ ಬೇಗನೆ ಕೂಗಿಬಿಟ್ಟೆ. ಅವರು ಯಂತ್ರ ನಿಲ್ಲಿಸಲಿಲ್ಲ.

"ಇನ್ನೂ ಉಂಟು," ಎಂದರು, ತಲೆಯೆತ್ತದೆ. "ಕೆನಡಾದಲ್ಲಿ ಅವಳು ಕೈ ಮರಗಟ್ಟುವ ಚಳಿಯಲ್ಲೂ ಅವಸರ ಮಾಡ್ತಿರ್ಲಿಲ್ಲ."

ಆಮೇಲಿನ ವರ್ಷಗಳಲ್ಲಿ ನಾನು ಕಾಯುವುದನ್ನು ಕಲಿತೆ.

ಈಗ ಅವರು ಊರಿಗೆ ಮರಳಿದ್ದಾರೆ. ಮನೆ ಕೊಂಡವರು ಹುಲ್ಲು ಕಿತ್ತು, ಸಿಮೆಂಟ್ ಹಾಕಿಸಿ, ಕಾರು ನಿಲ್ಲಿಸಿದ್ದಾರೆ. ಕಳೆದ ನವೆಂಬರಿನಲ್ಲಿ ಡಾಕ್ಟರು ಫೋನ್ ಮಾಡಿ, "ಪೈಪಲ್ಲಿ ನೀರು ಉಳಿಲಿಲ್ಲ ಅಲ್ವ?" ಎಂದು ಕೇಳಿದರು.

ನಾನು ಅವಸರ ಮಾಡಲಿಲ್ಲ. ಒಂದು ತುಂತುರು ನಿಲ್ಲುವಷ್ಟು ಹೊತ್ತು ಕಾದು, "ಇಲ್ಲ ಸಾರ್, ಬರೀ ಗಾಳಿ" ಎಂದೆ.