ಬೆವರದ ಮೈ

ನಮ್ಮ ಮನೆಯವರು ಉಣ್ಣಲು ಕೂತರೆ ತಟ್ಟೆಗಿಂತ ಮೊದಲು ನಾನು ಟವಲು ತಂದಿಡುತ್ತಿದ್ದೆ. ಮುದ್ದೆಯ ಮೊದಲ ತುತ್ತು ಗಂಟಲಿಗಿಳಿಯುವ ಹೊತ್ತಿಗೇ ಹಣೆಯ ಮೇಲೆ ಹನಿ ಮೂಡುತ್ತಿತ್ತು. ಆಮೇಲೆ ಕೆನ್ನೆ, ಕಿವಿಯ ಹಿಂದೆ, ಕುತ್ತಿಗೆ. ಖಾರದ ಬಸ್ಸಾರಿರಲಿ, ಬರೀ ಮೊಸರನ್ನವಿರಲಿ, ಒಂದೇ. ಅದೇ ಮನುಷ್ಯ ಎದ್ದು ಬಚ್ಚಲಲ್ಲಿ ಕಾಲು ತೊಳೆಯುವಾಗ ನೋಡಿದರೆ, ಮೊಣಕಾಲಿನಿಂದ ಕೆಳಗೆ ಚರ್ಮ ನೀರಿಳಿದ ಕೆರೆಯ ಮಣ್ಣಿನ ಹಾಗೆ ಬಿರಿದಿರುತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದರೂ ಬೆಳಿಗ್ಗೆ ಮತ್ತೆ ಹಾಗೇ.

"ಅತ್ಗೆ, ಅಣ್ಣಂಗೆ ಅದೇನ್ ಮೆಣಸಿನಕಾಯಿ ಅರ್ದು ಆಕ್ತೀರಾ? ಉಣ್ಣಕ್ ಕೂತ್ರೆ ಮಳೇಲಿ ನೆಂದೋನಂಗೆ ಆಯ್ತಾನೆ" ಎಂದು ಮೈದುನ ಕೀಟಲೆ ಮಾಡುವನು.

"ನಿಮ್ಮಣ್ಣಂಗೆ ಮುದ್ದೆ ಮುರಿಯೋದೇ ದೊಡ್ಡ ಕೆಲ್ಸ ಕಣಪ್ಪ, ಬೆವರ್ದೆ ಇರ್ತಾರಾ?" ಎನ್ನುವೆ ನಾನು.

ಅವರು ನಗುತ್ತ ಮುಖ ಒರೆಸಿಕೊಳ್ಳುವರು. ಅದು ನಮ್ಮನೆಯ ದಿನನಿತ್ಯದ ತಮಾಷೆಯಾಗಿತ್ತು.

ನಮ್ಮೂರು ಪಿರಿಯಾಪಟ್ಟಣದಿಂದ ಒಂದಷ್ಟು ಒಳಕ್ಕೆ. ಹೊಗೆಸೊಪ್ಪಿನ ಸೀಮೆ. ಹೊಲದ ಬದಿಗೊಂದು ಬ್ಯಾರನ್ನು ಇಲ್ಲದ ಮನೆ ಕಡಿಮೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬ್ಯಾರನ್ನೆಂದರೆ ಹಸಿ ಎಲೆ ಬೇಯಿಸುವ ಎತ್ತರದ ಒಂದು ಕೋಣೆ. ಹೊರಗೆ ಒಲೆಯ ಬಾಯಿ. ಒಳಗೆ ನೆಲದುದ್ದಕ್ಕೂ ಬಿಸಿ ಹರಿಯುವ ತಗಡಿನ ಕೊಳವೆ. ಎಲೆಯನ್ನು ಕಡ್ಡಿಗಳಿಗೆ ಕಟ್ಟಿ, ತೊಲೆಗಳ ಮೇಲೆ ಸಾಲುಸಾಲಾಗಿ ನೇತುಹಾಕಿ, ಬಾಗಿಲು ಮುಚ್ಚಿ ದಿನಗಟ್ಟಲೆ ಬೆಂಕಿ ಕಾಯಬೇಕು. ಗೋಡೆಯ ಬುಡದಲ್ಲೊಂದಿಷ್ಟು ಕಿಂಡಿ, ಮಾಡಿನ ನೆತ್ತಿಯಲ್ಲೊಂದು ಕಿಂಡಿ. ಎಲೆ ಹಳದಿಗೆ ತಿರುಗುವಾಗ ಉರಿ ಎಷ್ಟಿರಬೇಕು, ನೀರು ಬಿಡುವಾಗ ಯಾವ ಕಿಂಡಿ ತೆರೆಯಬೇಕು, ನಡುದಂಟು ಒಣಗುವಾಗ ಯಾವುದನ್ನು ಮುಚ್ಚಬೇಕು, ಎಲ್ಲ ಹದದ ಮಾತು.

ಸೊಪ್ಪಿನ ಕಾಲದಲ್ಲಿ ಆಳು ಸಿಗುವುದಿಲ್ಲ. ಮುಯ್ಯಾಳಿನ ಮೇಲೆಯೇ ಕೆಲಸ. ಇವತ್ತು ನಿಮ್ಮ ಬ್ಯಾರನ್ನಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಮುರಿದು ತಂದ ಎಲೆ ಹೊರಗೆ ಬಾಡುತ್ತಿದ್ದರೆ, ಒಳಗಿನದು ಪೂರ್ತಿ ಆರಲಿ ಎಂದು ಕೂರುವ ತಾಳ್ಮೆ ಯಾರಿಗೂ ಇರುವುದಿಲ್ಲ. ಕಾವಿರುವಾಗಲೇ ಒಬ್ಬ ಒಳಹೊಕ್ಕು, ಮೂಲೆಯ ಎಲೆಗಳ ದಂಟು ಮುರಿದು ನೋಡಿ, "ಆಗೈತೆ, ಇಳುಸ್ರೋ" ಎನ್ನಬೇಕು. ನಮ್ಮೂರಿನಲ್ಲಿ ಆ ಕೆಲಸ ಮೈ ಬೆವರದವನದು. ಬೆವರಿನ ಹನಿ ಬಿದ್ದರೆ ಎಲೆಗೆ ಕಲೆ ಕೂರುತ್ತದೆ ಎನ್ನುವುದು ಮೇಲಿನ ಮಾತು. ಬೆಂಕಿಗೆ ಪಳಗಿದ ಮೈ ಬೆವರುವುದಿಲ್ಲ ಎನ್ನುವುದು ಒಳಗಿನ ನಂಬಿಕೆ. ಹಾಗೆ ಒಳಗೆ ಹೋಗಿಬಂದವನಿಗೇ ಮೊದಲ ಲೋಟ ಕಾಫಿ.

ಆ ಮೊದಲ ಲೋಟ ಹಲವು ವರ್ಷ ಇವರದಾಗಿತ್ತು. ಮೊದಮೊದಲು ಇವರೂ ಎಲ್ಲರಂತೆ ಬೆವರುತ್ತಿದ್ದವರೇ. ಬನಿಯನ್ನು ಹಿಂಡಿ ಬೇಲಿಗೆ ಹಾಕಿದ್ದನ್ನು ನಾನೇ ಎಷ್ಟೋ ಸಲ ಎತ್ತಿಟ್ಟಿದ್ದೇನೆ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆದ ಮೇಲೆ ಒಂದೊಂದಾಗಿ ಬದಲಾಯಿತು. ಮೈದುನ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಹೊರಗೆ ಬಂದರೆ ಇವರು ಕೆಂಪಗೆ, ಒಣಗಿಕೊಂಡೇ ಬರುವರು.

"ನೋಡ್ರಲಾ, ಸೊಪ್ಪಿನ ಜೊತೆ ಇವ್ನೂ ಬೆಂದು ಹದ ಆಗವ್ನೆ. ಇವನ್ನೂ ಹರಾಜಿಗೆ ಆಕ್ಬುಡಣ" ಎಂದು ಪಕ್ಕದ ಹೊಲದ ಹಿರಿಯರೊಬ್ಬರು ನಗುವರು.

"ನನ್ನ ಯಾರ್ ಕೂಗ್ತಾರೆ ಬುಡಣ್ಣ, ಮನೇಲೇ ಗಿರಾಕಿ ಇಲ್ಲ" ಎಂದು ಇವರು ನನ್ನ ಕಡೆ ನೋಡುವರು. ನಾನು ಕಾಫಿ ಲೋಟ ಕೊಡುವೆ. ಕೊಡುವಾಗ ನನಗೂ ಒಂದು ಹೆಮ್ಮೆ ಇರುತ್ತಿತ್ತು.

ಬೇರೆ ಬದಲಾವಣೆಗಳೂ ಇದ್ದವು. ಬೆಳಿಗ್ಗೆ ಮಂಚದಿಂದ ಏಳುತ್ತಲೇ ತಲೆ ಸುತ್ತಿ ಬಾಗಿಲುವಾಡ ಹಿಡಿದುಕೊಂಡು ನಿಲ್ಲುವರು. ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕೊಡುತ್ತಿದ್ದೆ. ರಾತ್ರಿ ಉಂಡ ಹುರುಳಿಕಾಳಿನ ತೇಗು ಮಾರನೆಯ ಬೆಳಿಗ್ಗೆ ಬರುತ್ತಿತ್ತು. ಅಜೀರ್ಣ ಎಂದು ಜೀರಿಗೆ ಕಷಾಯ ಮಾಡುತ್ತಿದ್ದೆ. ಸುಮ್ಮನೆ ಕೂತಿದ್ದರೂ ಕುತ್ತಿಗೆಯ ನರ ಓಡಿಬಂದವರ ಹಾಗೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಯಾವ ಹೆಸರೂ ಸಿಗಲಿಲ್ಲ. ಒಂದೊಂದು ತೊಂದರೆಗೆ ಒಂದೊಂದು ಮದ್ದು ಅಡುಗೆಮನೆಯಲ್ಲಿತ್ತು. ಅವೆಲ್ಲ ಒಂದೇ ಬಳ್ಳಿಯ ಕಾಯಿ ಎಂದು ತಿಳಿಯಲು ಅವರು ಬೀಳಬೇಕಾಯಿತು.

ಬಿದ್ದದ್ದು ಮೈದುನನ ಬ್ಯಾರನ್ನಿನಲ್ಲಿ. ಒಳಗೆ ಹೋದವರ "ಇಳುಸ್ರೋ" ಎಂಬ ಕೂಗು ಬರಲಿಲ್ಲ. ಮೈದುನ ನುಗ್ಗಿ ಎಳೆದು ತಂದ. ಮುಟ್ಟಿದರೆ ಕಾದ ಹೆಂಚಿನ ಹಾಗೆ ಮೈ ಸುಡುತ್ತಿತ್ತು. ಮೈಮೇಲೆ ಒಂದು ಹನಿ ಬೆವರಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ತಣ್ಣೀರು ಬಟ್ಟೆ ಹಾಕಿ, ಬಾಟಲಿ ಏರಿಸಿ ಉಳಿಸಿಕೊಂಡರು. ಆಮೇಲೆ ಮೈಸೂರಿಗೆ ಹೋಗಿ ತೋರಿಸಿ ಎಂದರು.

ಮೈಸೂರಿನ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಅವಸರವಿಲ್ಲದೆ ನೋಡಿದರು. ಇವರನ್ನು ಮಲಗಿಸಿ ಬಿ.ಪಿ. ಹಿಡಿದರು, ನಿಲ್ಲಿಸಿ ಮತ್ತೆ ಹಿಡಿದರು. ನಿಂತ ಕೂಡಲೇ ಅದು ಜಾರಿಹೋಗಿತ್ತು. ಜೋರಾಗಿ ಉಸಿರೆಳೆದು ಬಿಡಿ ಎಂದು, ಯಂತ್ರದಲ್ಲಿ ನಾಡಿಯ ಗೆರೆ ಓಡುವುದನ್ನು ನೋಡಿದರು. ಉಸಿರಿನ ಜೊತೆ ಏರಿಳಿಯಬೇಕಾದ ಬಡಿತ ಒಂದೇ ಸಮನಾಗಿತ್ತು.

"ನೋಡಿ," ಎಂದರು, "ಕೈ ಎತ್ತು ಅಂದ್ರೆ ಎತ್ತೋ ನರಗಳು ಬೇರೆ. ನಮ್ಮನ್ನ ಕೇಳದೆ ತಾವೇ ಕೆಲಸ ಮಾಡೋ ನರಗಳು ಬೇರೆ. ಎದೆ ಬಡಿಯೋದು, ಅನ್ನ ಅರಗೋದು, ಬೆವರೋದು, ನಿಂತಾಗ ರಕ್ತ ಕಾಲಿಗೆ ಇಳಿದುಬಿಡದ ಹಾಗೆ ಹಿಡಿಯೋದು, ಎಲ್ಲ ಅವುಗಳದ್ದೇ. ಅದರಲ್ಲೂ ಎರಡು ಪಂಗಡ ಇದೆ. ಒಂದು ಬೆನ್ನುಮೂಳೆಯ ಎರಡೂ ಪಕ್ಕ ಮಣಿಸರದ ಹಾಗೆ ಇಳಿದಿರುತ್ತೆ. ಅದು ಓಡು, ಹುಷಾರು ಅನ್ನುತ್ತೆ. ಇನ್ನೊಂದು ಹೆಚ್ಚಾಗಿ ಮೆದುಳಿನ ಬುಡದಿಂದ ಕುತ್ತಿಗೆಯಲ್ಲಿಳಿದು ಎದೆ, ಹೊಟ್ಟೆಯವರೆಗೆ ಹೋಗುತ್ತೆ. ಸ್ವಲ್ಪ ಬೆನ್ನಿನ ತುದಿಯಿಂದಲೂ ಬರುತ್ತೆ. ಅದು ನಿಧಾನ, ಉಂಡದ್ದನ್ನ ಅರಗಿಸಿಕೋ ಅನ್ನುತ್ತೆ."

ಇವರು ಕಿವಿಗೊಟ್ಟು ಕೇಳುತ್ತಿದ್ದರು. "ಅಂದ್ರೆ ಒಬ್ಬ ಒಲೆಗೆ ಸೌದೆ ತಳ್ಳೋನು, ಒಬ್ಬ ಹಿಂದಕ್ ಎಳ್ಯೋನು ಅನ್ನಿ ಡಾಕ್ಟ್ರಮ್ಮ."

"ಹಾಗೇ ಅನ್ಕೊಳ್ಳಿ. ಇಬ್ಬರೂ ಸದಾ ಕೆಲಸದಲ್ಲೇ ಇರ್ತಾರೆ. ಒಬ್ಬ ಹೆಚ್ಚು, ಒಬ್ಬ ಕಮ್ಮಿ. ಸಕ್ಕರೆ ಬಹಳ ವರ್ಷ ಏರಿದ್ರೆ ಈ ನರಗಳು ಸವೆಯುತ್ತೆ. ಉದ್ದದ ನರಕ್ಕೇ ಮೊದಲ ಪೆಟ್ಟು. ಕಾಲಿನ ಬೆವರು ನಿಂತಿದ್ದು ಅದಕ್ಕೆ. ಎದೆಯನ್ನ ನಿಧಾನ ಮಾಡೋ ನರ ಸೋತಿದೆ, ಅದಕ್ಕೇ ಕೂತಾಗಲೂ ನಾಡಿ ಓಡ್ತಿದೆ."

"ಮತ್ತೆ ಉಣ್ಣುವಾಗ ಮುಖ ಹಾಗೆ ಬೆವರುತ್ತಲ್ಲ?" ಎಂದು ನಾನು ಕೇಳಿದೆ.

"ಅದೂ ಇದೇ ಕಾಯಿಲೆ ಅಮ್ಮ. ಬಾಯಲ್ಲಿ ನೀರೂರಿಸು ಅನ್ನೋ ಸುದ್ದಿ ದಾರಿತಪ್ಪಿ ಬೆವರಿಗೆ ಹೋದ ಹಾಗೆ."

ಇವರು ಅಂಗೈ ನೋಡಿಕೊಂಡರು. ಹೊಗೆಸೊಪ್ಪಿನ ಅಂಟು ಹಿಡಿದು ಕಪ್ಪಾದ ಅಂಗೈ.

"ಬೆವರು ಅಂದ್ರೆ ಮೈಯ ಕಿಂಡಿ" ಎಂದರು. "ನನ್ ಬ್ಯಾರನ್ನಿನ ಕಿಂಡಿ ಮುಚ್ಕೊಂಡವೆ. ನಾವು ಅದ್ನ ಗಟ್ಟಿ ಮೈ ಅಂತಿದ್ವು."

ಡಾಕ್ಟರು ನಗಲಿಲ್ಲ. ಇನ್ನು ಬ್ಯಾರನ್ನಿನೊಳಗೆ ಕಾಲಿಡಬಾರದು ಎಂದರು. ಕೊನೆಗೆ ನನ್ನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು. ಎದೆಯಿಂದ ನೋವಿನ ಸುದ್ದಿ ತರುವುದೂ ಇಂಥ ನರಗಳೇ. ಹೃದಯಕ್ಕೆ ಏನಾದರೂ ಆದರೆ ಇವರಿಗೆ ನೋವೇ ಬರದೆ ಇರಬಹುದು. ಕಾರಣವಿಲ್ಲದ ಸುಸ್ತು, ಉಸಿರಿನ ಕಷ್ಟ ಕಂಡರೆ ನೋವಿಗೆ ಕಾಯದೆ ಹೊರಡಿ.

ಅಂದಿನಿಂದ ನನ್ನ ದಿನಚರಿ ಬೇರೆಯಾಯಿತು. ಬೆಳಿಗ್ಗೆ ಅವರು ಏಳುವ ಮೊದಲೇ ಹೋಗಿ ಮಂಚದ ಪಕ್ಕ ನಿಲ್ಲುವೆ. ಮೊದಲು ಮಗ್ಗುಲಾಗಬೇಕು, ಆಮೇಲೆ ಕೂತು ಕಾಲು ಇಳಿಬಿಡಬೇಕು, ಪಾದ ಆಡಿಸಬೇಕು, ಆಮೇಲೆ ಏಳಬೇಕು. ಕಾಲಿಗೆ ಬಿಗಿಯಾದ ಉದ್ದನೆಯ ಸಾಕ್ಸು ಏರಿಸುವುದು ನನ್ನ ಕೆಲಸ. ಹಿಮ್ಮಡಿ ದಾಟಿಸುವುದರಲ್ಲಿ ಇಬ್ಬರಿಗೂ ಸಾಕಾಗುತ್ತಿತ್ತು. ಮಂಚದ ತಲೆಯ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಒಂದು ಹೊತ್ತಿನ ದೊಡ್ಡ ಮುದ್ದೆ ಹೋಗಿ ಸಣ್ಣ ಸಣ್ಣ ಉಂಡೆಗಳಾದವು. "ಲೇ, ಇದೇನ್ ಮುದ್ದೆನೋ, ಗಿಣಿ ಸಾಕ್ತಿದ್ದೀಯೋ?" ಎನ್ನುವರು.

ಮುಂದಿನ ಸೊಪ್ಪಿನ ಕಾಲ ಬಂತು. ಊರಿನವರಿಗೆ ಹೇಳುವುದೇ ಕಷ್ಟವಾಯಿತು. ಜ್ವರ, ಮುರಿದ ಕಾಲು ಇದ್ದರೆ ಹೇಳಬಹುದು. ಬೆವರು ಬರುವುದಿಲ್ಲ ಎಂಬ ಕಾಯಿಲೆಯನ್ನು ಹೇಗೆ ಹೇಳುವುದು?

"ಬೆವರ್ದೆ ಇರೋದು ಒಂದ್ ಕಾಯ್ಲೆನಾ? ಅಂಗಾದ್ರೆ ನಮ್ಗೂ ಬರ್ಲಿ ಕಣ್ಲಾ" ಎಂದರು ಪಕ್ಕದ ಹೊಲದ ಹಿರಿಯರು. ಸುತ್ತ ಇದ್ದವರೆಲ್ಲ ನಕ್ಕರು. ಇವರೂ ನಕ್ಕರು. ನಕ್ಕು, ಬ್ಯಾರನ್ನಿನ ಹೊರಗೆ ಹುಣಸೆಮರದ ನೆರಳಲ್ಲಿ ಹಾಕಿದ್ದ ಕುರ್ಚಿಗೆ ಹೋಗಿ ಕೂತರು. ಆವತ್ತು ಮೊದಲ ಲೋಟ ಕಾಫಿ ಯಾರಿಗೆ ಕೊಡಬೇಕೆಂದು ತಿಳಿಯದೆ ನಾನು ಲೋಟಗಳ ತಟ್ಟೆಯನ್ನೇ ನೆಲಕ್ಕಿಟ್ಟು, "ತಕ್ಕೊಳ್ಳಿ ಎಲ್ರೂ" ಎಂದುಬಿಟ್ಟೆ. ಇವರು ತಟ್ಟೆಯ ಕಡೆ ತಿರುಗಲಿಲ್ಲ.

ಮೈದುನ ಒಳ್ಳೆಯವನು. ಒಳಗೆ ಹೋದವನು ಮೂಲೆಯ ಎಲೆ ತಂದು ಅಣ್ಣನ ಕೈಗೆ ಕೊಡುವನು. ಇವರು ದಂಟನ್ನು ಕಿವಿಯ ಹತ್ತಿರ ಹಿಡಿದು ಮುರಿಯುವರು. ಟಕ್ಕೆಂದರೆ "ಆಗೈತೆ" ಎನ್ನುವರು. ಬೆರಳ ತುದಿ ಮರಗಟ್ಟುತ್ತಿತ್ತು. ಅದಕ್ಕೇ ಕಿವಿಯ ಸಹಾಯ. ಅದು ನನಗೆ ಗೊತ್ತಿತ್ತು, ಮೈದುನನಿಗೂ ಗೊತ್ತಿತ್ತು.

ಆ ಸಲದ ಸೊಪ್ಪು ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಅಕ್ಕಿರೊಟ್ಟಿ ಹಾಕಿಕೊಟ್ಟೆ. ಪಕ್ಕದಲ್ಲಿ ಟವಲಿಟ್ಟೆ. ಒಂದು ಚೂರು ಮುರಿದವರು ಹಾಗೇ ಬಿಟ್ಟರು.

"ಯಾಕ್ರೀ?"

"ಯಾಕೋ ಸುಸ್ತು ಕಣೆ. ಆಮೇಲ್ ತಿಂತೀನಿ ಬುಡು."

ಬಾಗಿ ಮುಖ ನೋಡಿದೆ. ಮಾತಿನ ನಡುವೆ ಉಸಿರು ಸಣ್ಣಗೆ ತುಂಡಾಗುತ್ತಿತ್ತು. ಡಾಕ್ಟರ ಮಾತು ನೆನಪಾಗಿ ಮೈದುನನನ್ನು ಕೂಗಿದೆ.

"ಎದೆ ನೋಯ್ತಾ ಇಲ್ಲ ಕಣೆ, ಆಸ್ಪತ್ರೆ ಯಾಕೆ? ಇನ್ನೊಂದ್ ಬ್ಯಾರನ್ನು ಇಳುಸ್ಬೇಕು ಇವತ್ತು."

"ನೋಯ್ದೆ ಇರೋದ್ಕೇ ಓಗಣ ಅನ್ನೋದು. ಏಳ್ರಿ, ನಿಧಾನ."

ಆಗಲೂ ಅವರು ಮೊದಲು ಪಾದ ಆಡಿಸಿ, ಆಮೇಲೆ ಎದ್ದರು. ಪಟ್ಟಣದಲ್ಲಿ ಇ.ಸಿ.ಜಿ. ತೆಗೆದು ನೋಡಿ, ಹೃದಯಾಘಾತ, ಬೇಗ ಮೈಸೂರಿಗೆ ಹೋಗಿ ಎಂದರು. ಅಲ್ಲಿಂದಲೇ ಆಂಬುಲೆನ್ಸು. ಹುಣಸೂರು ದಾಟಿತು. ನಾನು ತಲೆಯ ಹತ್ತಿರ ಕೂತಿದ್ದೆ. ಏನಾದರೂ ನೋವಾಗುತ್ತಿದೆಯಾ ಎಂದು ಕೇಳುತ್ತಲೇ ಇದ್ದೆ. ಇಲ್ಲ ಎಂದು ತಲೆಯಾಡಿಸುತ್ತಲೇ ಇದ್ದರು. ಬಿಳಿಕೆರೆಯ ಹತ್ತಿರ ರಸ್ತೆ ಬದಿ ಹಣ್ಣಿನ ಅಂಗಡಿಗಳು ಕಾಣುವ ಹೊತ್ತಿಗೆ ತಲೆಯಾಡಿಸುವುದು ನಿಂತಿತು. ಜೊತೆಗಿದ್ದ ನರ್ಸ್ ಹುಡುಗಿ ಎದೆ ಒತ್ತಿದಳು, ಒತ್ತುತ್ತಲೇ ಹೋದಳು. ಟವಲು ನನ್ನ ಕೈಯಲ್ಲಿತ್ತು. ಅಭ್ಯಾಸಬಲದಿಂದ ಹಣೆ ಒರೆಸಿದೆ. ಒರೆಸುವಂಥದ್ದು ಏನೂ ಇರಲಿಲ್ಲ.

ಹೃದಯಕ್ಕೆ ಪೆಟ್ಟು ಹಿಂದಿನ ದಿನವೇ ಬಿದ್ದಿರಬಹುದು ಎಂದರು ಆಸ್ಪತ್ರೆಯಲ್ಲಿ. ಹಿಂದಿನ ದಿನ ಇವರು ಕುರ್ಚಿಯಲ್ಲಿ ಕೂತು ದಂಟು ಮುರಿದಿದ್ದರು. ಸಂಜೆ ನನ್ನ ಜೊತೆ ಅವರೆಕಾಯಿ ಸುಲಿದಿದ್ದರು. ಹುಳುಕು ಕಾಳನ್ನೆಲ್ಲ ಬೇರೆ ಎತ್ತಿಟ್ಟಿದ್ದರು.

ಮಣ್ಣು ಮಾಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಪಕ್ಕದ ಹೊಲದ ಹಿರಿಯರು ನನ್ನೆದುರು ಕುಕ್ಕರಗಾಲಲ್ಲಿ ಕೂತು, ಕಣ್ಣೊರೆಸಿಕೊಂಡು, "ಪುಣ್ಯವಂತ ಕಣವ್ವ. ಒಂದ್ ನೋವ್ ತಿನ್ಲಿಲ್ಲ, ನರಳ್ಲಿಲ್ಲ. ಗಟ್ಟಿ ಜೀವ" ಎಂದರು. ಮನಸ್ಸಿನಿಂದಲೇ ಹೇಳಿದರು. ನಾನು ತಲೆಯಾಡಿಸಿದೆ. ನೋವು ಇರಲಿಲ್ಲವೆಂದಲ್ಲ, ಅದರ ಸುದ್ದಿ ತಂದು ಮುಟ್ಟಿಸುವ ನರಗಳು ಇರಲಿಲ್ಲ ಎಂದು ಆ ಹೊತ್ತಿನಲ್ಲಿ ಯಾರಿಗೆ ಹೇಳಲಿ.

ಈ ಸಲ ಬ್ಯಾರನ್ನು ಇಳಿಸುವ ದಿನ ಮೈದುನ ಮೊದಲು ಒಳಗೆ ಹೋದ. ನಾನು ಹೊರಗೆ ಕಾಫಿ ಹಿಡಿದು ನಿಂತಿದ್ದೆ. ಕೂಗು ಬರುವವರೆಗೆ ನನ್ನ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ. "ಆಗೈತೆ" ಎಂದು ಬಂದವನ ತಲೆಯಿಂದ ಕಾಲಿನವರೆಗೆ ಬೆವರು ಇಳಿಯುತ್ತಿತ್ತು.

"ಹೇ, ಎಲೆ ಮ್ಯಾಲೆಲ್ಲ ನೀರ್ ಸುರುಸ್ಬುಟ್ಟಾ?" ಎಂದು ಯಾರೋ ಅಣಕಿಸಿದರು.

"ಸುರೀಲಿ ಬುಡಿ" ಎಂದೆ ನಾನು. ಮೊದಲ ಲೋಟ ಅವನ ಕೈಗೆ ಕೊಟ್ಟೆ. ನನ್ನ ಹೆಗಲಿನಿಂದ ಟವಲು ತೆಗೆದು ಕೊಟ್ಟೆ. ಅಣ್ಣನ ಟವಲು ಎಂದು ಅವನಿಗೆ ತಿಳಿಯಿತು. ಮುಖಕ್ಕೆ ಒತ್ತಿಕೊಂಡವನು ಬಹಳ ಹೊತ್ತು ತೆಗೆಯಲಿಲ್ಲ. ವಾಪಸು ಕೊಟ್ಟಾಗ ತೊಯ್ದು ಭಾರವಾಗಿತ್ತು. ಅದನ್ನು ಹಿಂಡದೆ ಹಾಗೇ ಬೇಲಿಯ ಮೇಲೆ ಹರವಿ, ಉಳಿದವರಿಗೆ ಕಾಫಿ ಕೊಡಲು ಹೋದೆ.