ಉಪ್ಪಿನ ಮನೆಯ ಸೀಮೆಎಣ್ಣೆ

ಸೇನೆಯ ವೈದ್ಯಕೀಯ ದಳದಿಂದ ನಿವೃತ್ತನಾಗಲು ನನಗೆ ಇನ್ನು ಮೂರು ವರ್ಷ ಬಾಕಿ ಇತ್ತು. ಆಗ ನನ್ನನ್ನು ಲಡಾಖಿನ ಒಂದು ಗಡಿ ಠಾಣೆಗೆ ಹಾಕಿದರು. ಎರಡು ಬೆಟ್ಟಗಳ ನಡುವಿನ ಕಣಿವೆದಾರಿಯನ್ನು ಫೌಜಿನವರು ಪಾಸ್ ಎನ್ನುತ್ತಾರೆ. ಆ ಪಾಸಿನ ನೆತ್ತಿಯ ಮೇಲೆ, ಹದಿನೈದು ಸಾವಿರ ಅಡಿಗೂ ಎತ್ತರದಲ್ಲಿ ನಮ್ಮ ಪೋಸ್ಟ್. ಅಲ್ಲಿ ವೈದ್ಯರಿರಲಿಲ್ಲ. ನರ್ಸಿಂಗ್ ಅಸಿಸ್ಟೆಂಟಾಗಿ ಸೇರಿ ಸುಬೇದಾರನಾಗಿದ್ದ ನನ್ನನ್ನೇ ಹುಡುಗರು ಡಾಕ್ಟರ್ ಸಾಹೇಬ್ ಎಂದು ಕರೆಯುತ್ತಿದ್ದರು. ಇಲ್ಲ ಎಂದು ತಿದ್ದುವಷ್ಟು ಸತ್ಯಸಂಧ ನಾನಲ್ಲ.

ಈಗ ಬೆಂಗಳೂರಿನ ಕೆಂಪಾಪುರದಲ್ಲಿ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿದ್ದೇನೆ. ಲಿಫ್ಟ್ ಕೆಟ್ಟ ದಿನ ಪಕ್ಕದ ಮನೆಯವರು ಏದುಸಿರು ಬಿಡುತ್ತಾ ಹತ್ತಿ ಬಂದು, "ನಿಮಗೇನ್ ಬಿಡಿ ಸಾರ್, ಹಿಮಾಲಯ ಹತ್ತಿದೋರು" ಎನ್ನುತ್ತಾರೆ. ಹತ್ತುವುದು ದೊಡ್ಡದಲ್ಲ ಸ್ವಾಮಿ, ಇಳಿಯುವುದು ದೊಡ್ಡದು ಎನ್ನುತ್ತೇನೆ. ನನ್ನ ಮಂಡಿನೋವಿನ ವಿಚಾರ ಹೇಳುತ್ತಿದ್ದೇನೆ ಎಂದುಕೊಂಡು ಅವರು ಯಾವುದೋ ಎಣ್ಣೆಯ ಹೆಸರು ಹೇಳಿ ಹೋಗುತ್ತಾರೆ. ನಾನು ಹೇಳುತ್ತಿರುವುದು ಬೇರೆ ಎಣ್ಣೆಯ ಕಥೆ.

ಮೊದಲು ಆ ಪೋಸ್ಟಿನ ಇತಿಹಾಸ ಸ್ವಲ್ಪ ಹೇಳಬೇಕು. ಗಡಿ, ಸೇನೆ ಯಾವುದೂ ಇಲ್ಲದ ಕಾಲದಲ್ಲಿ ಆ ದಾರಿಯಲ್ಲಿ ಉಪ್ಪು ಮತ್ತು ಉಣ್ಣೆಯ ವ್ಯಾಪಾರಿಗಳು ಕುರಿಗಳ ಬೆನ್ನ ಮೇಲೆ ಸರಕು ಹೇರಿಕೊಂಡು ಓಡಾಡುತ್ತಿದ್ದರಂತೆ. ನೆತ್ತಿಯಿಂದ ಅರ್ಧ ದಿನದ ದಾರಿ ಕೆಳಗೆ, ಒಂದು ಹಳ್ಳದ ಪಕ್ಕ ಅವರು ಕಲ್ಲಿನ ಮನೆ ಕಟ್ಟಿಕೊಂಡಿದ್ದರು. ತಂಗಿದವನು ಹೊರಡುವಾಗ ಮುಂದೆ ಬರುವವನಿಗೆ ಒಣ ಸೌದೆ ಬಿಟ್ಟು ಹೋಗಬೇಕೆಂಬುದು ಅವರ ರೂಢಿ. ಆಮೇಲೆ ಗಡಿ ಕಾಯುವವರು ಬಂದು ಅದೇ ಮನೆಯಲ್ಲಿ ಠಾಣೆ ಹೂಡಿದರು. ಯುದ್ಧದ ನಂತರ ಠಾಣೆ ನೆತ್ತಿಗೆ ಹೋಯಿತು; ಕಲ್ಲಿನ ಮರೆಗಳು, ಬಂಕರುಗಳು, ಕೊನೆಗೆ ಫೈಬರ್ ಗುಡಿಸಲುಗಳು ಬಂದವು. ಕೆಳಗಿನ ಮನೆ ಖಾಲಿ ಉಳಿಯಿತು. ಉಪ್ಪಿನ ಮನೆ ಎಂಬ ಹೆಸರು ಮಾತ್ರ ಹೋಗಲಿಲ್ಲ, ಆ ರೂಢಿಯೂ ಹೋಗಲಿಲ್ಲ. ಮೇಲೆ ಹೋಗುವ ಪ್ರತಿ ತಂಡವೂ ಒಂದು ಕ್ಯಾನ್ ಸೀಮೆಎಣ್ಣೆಯನ್ನು ಅಲ್ಲಿ ಇಳಿಸಿ ಹೋಗಬೇಕು. ಯಾವ ಆದೇಶದಲ್ಲೂ ಇರದ ನಿಯಮ ಇದು.

ಇದನ್ನು ಎಲ್ಲರೂ ಗೊಣಗಿಕೊಂಡೇ ಪಾಲಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಗೊಣಗುತ್ತಿದ್ದವನು ಮಂಜುನಾಥ. ಅವನು ಬೆಂಗಳೂರಿನವನೇ, ತಣಿಸಂದ್ರದ ಹಳೇ ಊರಿನವನು. ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾಗಿ, ಅಣ್ಣಂದಿರು ಬಿಲ್ಡರುಗಳಾಗಿದ್ದರು. ಇವನೂ ಕಾಲ ಮೇಲೆ ಕಾಲು ಹಾಕಿಕೊಂಡು ಬಾಡಿಗೆಯಲ್ಲಿ ಬದುಕಬಹುದಿತ್ತು. ಅದು ಬಿಟ್ಟು ಫೌಜಿಗೆ ಬಂದಿದ್ದ. "ಯಾರೂ ಮಲಗದ ಮನೆಗೆ ಎಣ್ಣೆ ಯಾಕ್ ಸಾರ್? ಯಾವ್ ದೆವ್ವ ಕಾಯಿಸ್ಕೊಳ್ಳಕ್ಕೆ?" ಎಂದು ನನ್ನನ್ನು ಹಲವು ಸಲ ಕೇಳಿದ್ದ.

ಪೋಸ್ಟಿನಲ್ಲಿದ್ದ ಇನ್ನೊಬ್ಬ ಕನ್ನಡಿಗ ಬಾಗಲಕೋಟೆ ಕಡೆಯ ಶಿವಾನಂದ. ಹೆಂಡತಿ ಯಲಹಂಕದಲ್ಲಿ, ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತನ್ನ ತಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಆ ಶರತ್ಕಾಲದಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಅಪ್ಪ ಬಂದ ಮೇಲೆಯೇ ತೊಟ್ಟಿಲ ಶಾಸ್ತ್ರ, ಹೆಸರು ಎಂದು ಮನೆಯವರು ಕಾದಿದ್ದರು. ಶಿವಾನಂದನ ರಜೆ ಮಂಜೂರಾಗಿತ್ತು. ಆದರೆ ರಜೆಗೆ ಹೋಗಿದ್ದ ಮಂಜುನಾಥ ಬಂದು ಅವನ ಜಾಗ ತುಂಬಿದರೆ ಮಾತ್ರ ಇವನು ಇಳಿಯಬಹುದಿತ್ತು. ಹಿಮ ಬಿದ್ದು ಪಾಸ್ ಮುಚ್ಚಿತೆಂದರೆ ಬೇಸಿಗೆಯವರೆಗೆ ಯಾರೂ ಅಲ್ಲಾಡುವಂತಿಲ್ಲ.

ಇಲ್ಲೊಂದು ವಿಷಯ ಓದುಗರಿಗೆ ತಿಳಿದಿರಬೇಕು. ಬೆಂಗಳೂರಿನಿಂದ ಹೋದವನು ನೇರವಾಗಿ ಅಷ್ಟು ಎತ್ತರಕ್ಕೆ ಹತ್ತಬಾರದು. ಹಂತ ಹಂತವಾಗಿ, ಮಧ್ಯದ ಕ್ಯಾಂಪುಗಳಲ್ಲಿ ದಿನಗಟ್ಟಲೆ ನಿಂತು ದೇಹವನ್ನು ಒಗ್ಗಿಸಬೇಕು. ಇದಕ್ಕೆ ಅಕ್ಲಿಮಟೈಸೇಶನ್ ಎನ್ನುತ್ತಾರೆ. ಮೇಲೆ ತಿಂಗಳುಗಟ್ಟಲೆ ಇದ್ದವನಾದರೂ ರಜೆ ಮುಗಿಸಿ ಬಂದರೆ ಮತ್ತೆ ಒಗ್ಗಿಸಿಕೊಳ್ಳಲೇಬೇಕು. ಇಲ್ಲವಾದರೆ ಶ್ವಾಸಕೋಶದಲ್ಲಿ ನೀರು ತುಂಬುವ ಹೇಪ್ ಎಂಬ ಕಾಯಿಲೆ ಬರಬಹುದು. ಗಟ್ಟಿಮುಟ್ಟಾದ ಮನುಷ್ಯ ಒಣನೆಲದ ಮೇಲೆ ಕೂತಲ್ಲೇ ಮುಳುಗಿಹೋಗುತ್ತಾನೆ.

ಮಂಜುನಾಥ ಮಧ್ಯದ ಕ್ಯಾಂಪ್ ತಲುಪಿದಾಗ ಆ ಸಲದ ಕೊನೆಯ ಹೇಸರಗತ್ತೆಗಳ ತಂಡ ಮೇಲೆ ಹೊರಟು ನಿಂತಿತ್ತು. ಅದು ತಪ್ಪಿದರೆ ಶಿವಾನಂದನ ರಜೆ ಮುಳುಗಿತು. ಮಂಜುನಾಥ ತಲೆನೋವಿಗೆ ಮಾತ್ರೆ ನುಂಗಿ, ನಾನು ಆಗಲೇ ಒಗ್ಗಿದವನು, ಏನೂ ತೊಂದರೆಯಿಲ್ಲ ಎಂದು ಅಲ್ಲಿನವರನ್ನು ನಂಬಿಸಿ ಹತ್ತಿಯೇಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆದರೆ ಆ ಆತುರ ಅವನ ಸ್ವಂತಕ್ಕಲ್ಲ ಎಂಬುದೇ ನನಗೆ ಇಂದಿಗೂ ಸಿಟ್ಟು ಬರಿಸುವ ಮಾತು. ಸ್ವಾರ್ಥಕ್ಕೆ ಮಾಡಿದ್ದರೆ ಬಾಯ್ತುಂಬ ಬೈಯಬಹುದಿತ್ತು.

ಸಂಜೆ ಪೋಸ್ಟಿಗೆ ಬಂದವನು ನಗುನಗುತ್ತಾ ಎಲ್ಲರಿಗೂ ಕೋಡುಬಳೆ ಹಂಚಿದ. ಬೆಳಿಗ್ಗೆ ಶಿವಾನಂದ ಚೀಲ ಹೆಗಲಿಗೇರಿಸಿ ವಿದಾಯ ಹೇಳಲು ಹೋದರೆ, ಮಂಜುನಾಥ ಗೋಡೆಗೊರಗಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ನಾನು ಓಡಿಹೋಗಿ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟೆ. ಕಿವಿಯ ಪಕ್ಕ ಕೂದಲನ್ನು ಬೆರಳಲ್ಲಿ ಉಜ್ಜಿದರೆ ಬರುವಂಥ ಸದ್ದು ಎರಡೂ ಕಡೆ ಕೇಳಿಸಿತು. ಅದು ನೀರಿನ ಸದ್ದು.

"ಏನಿಲ್ಲ ಸಾರ್, ಒಸಿ ದಮ್ಮು ಅಷ್ಟೆ" ಎಂದ. ಅಷ್ಟು ಹೇಳಲು ಮೂರು ಸಲ ಉಸಿರೆಳೆದುಕೊಂಡ. ಗದರಿಸಿ ಕೇಳಿದಾಗ ನಿಜ ಹೊರಬಿತ್ತು. "ಅವ್ನು ಮಗೀನ್ ಮಕ ನೋಡ್ಲಿ ಅಂತ ಇಂಗೆ ಮಾಡ್ದೆ ಸಾರ್."

ಶಿವಾನಂದ ಚೀಲ ಕೆಳಗೆಸೆದ. "ನನ್ನ ರಜಾ ಸಲುವಾಗಿ ಸಾಯಾಕ ಬಂದಿ ಏನಲೇ?" ಎಂದವನೇ ಅಳತೊಡಗಿದ. ಹೊರಗೆ ಹೇಸರಗತ್ತೆಯವರು ಹಿಮದ ಮೋಡ ತೋರಿಸಿ ಅವಸರಪಡಿಸುತ್ತಿದ್ದರು. "ನೀವ್ ನಡೀರಿ, ನಾ ಬರಂಗಿಲ್ಲ" ಎಂದು ಅವರನ್ನು ಕಳಿಸಿಬಿಟ್ಟ. ಅವನ ರಜೆ ಅವರ ಜೊತೆಗೇ ಬೆಟ್ಟ ಇಳಿಯಿತು.

ನಮ್ಮಲ್ಲಿದ್ದ ಸಿಲಿಂಡರಿನಿಂದ ಆಮ್ಲಜನಕ ಕೊಟ್ಟೆವು. ಹೆಲಿಕಾಪ್ಟರ್ ಕೇಳಿದೆವು, ನೆತ್ತಿಯ ಮೇಲೆ ಮೋಡ ಕೂತಿದೆ, ಬರಲಾಗದು ಎಂಬ ಉತ್ತರ ಬಂತು. ರೇಡಿಯೋದಲ್ಲಿ ಬೆಟಾಲಿಯನ್ ವೈದ್ಯರು ಹೇಳಿದ್ದು ಒಂದೇ ಮಾತು: "ಕಾಯಬೇಡಿ. ಇಳಿಸಿ." ಈ ಕಾಯಿಲೆಗೆ ಇಳಿಯುವುದಕ್ಕಿಂತ ದೊಡ್ಡ ಔಷಧವಿಲ್ಲ. ಆದರೆ ರೋಗಿಯನ್ನು ಹೊತ್ತುಕೊಂಡು ಸಂಜೆಯೊಳಗೆ ಮಧ್ಯದ ಕ್ಯಾಂಪ್ ತಲುಪುವುದು ಅಸಾಧ್ಯ. ಬಯಲಲ್ಲಿ ಕತ್ತಲಾದರೆ ರೋಗಿಯ ಜೊತೆ ಹೊತ್ತವರೂ ಹೆಪ್ಪುಗಟ್ಟುತ್ತಾರೆ. ನಮ್ಮ ಮೇಜರ್ ಸಾಹೇಬರು ನಕ್ಷೆ ನೋಡಲೂ ಇಲ್ಲ. "ಉಪ್ಪಿನ ಮನೆ" ಎಂದರು.

ಎಂಟು ಜನ ಸರದಿಯಲ್ಲಿ ಸ್ಟ್ರೆಚರ್ ಹೊತ್ತೆವು. ಶಿವಾನಂದ ಮಾತ್ರ ಸರದಿ ಬಿಟ್ಟುಕೊಡಲಿಲ್ಲ. ಮೊಣಕಾಲುದ್ದ ಹಿಮ, ಎದುರುಗಾಳಿ. ದಾರಿಯಲ್ಲಿ ಮಂಜುನಾಥನ ಬಾಯಿಂದ ಕೆಂಪು ಮಿಶ್ರಿತ ನೊರೆ ಬಂತು. ನಾನು ಅದನ್ನು ಒರೆಸಿ, ಯಾರಿಗೂ ತೋರಿಸದೆ ಬಟ್ಟೆಯನ್ನು ಜೇಬಿಗೆ ಹಾಕಿಕೊಂಡೆ. ದೇವರನ್ನು ನೆನೆಯುವ ಅಭ್ಯಾಸ ನನಗೆ ಕಡಿಮೆ. ಅಂದು ಮಾತ್ರ ಹೆಬ್ಬಾಳದ ಆನಂದಗಿರಿಯ ಶಿವನಿಂದ ಹಿಡಿದು ನೆನಪಿಗೆ ಬಂದ ಎಲ್ಲರನ್ನೂ ಕರೆದೆ.

ಬೆಳಕು ಕುಂದುವ ಹೊತ್ತಿಗೆ ಕಲ್ಲಿನ ಮನೆ ಕಂಡಿತು. ಒಳಗೆ ಗೋಡೆಯುದ್ದಕ್ಕೂ ಸೀಮೆಎಣ್ಣೆ ಕ್ಯಾನುಗಳು, ಒಣ ಸೌದೆ, ಮೂಲೆಯಲ್ಲಿ ಬುಖಾರಿ ಒಲೆ. ಶಿವಾನಂದ ಬಾಗಿಲ ಪಕ್ಕದ ಹೊಸ ಕ್ಯಾನ್ ಎತ್ತಿಕೊಂಡ. ಅದು ಹಿಂದಿನ ದಿನ ಹತ್ತುವಾಗ, ಒಡೆಯುವ ತಲೆನೋವಿನಲ್ಲೂ, ಮಂಜುನಾಥನೇ ಇಳಿಸಿ ಹೋಗಿದ್ದ ಕ್ಯಾನ್. ಒಲೆ ಹೊತ್ತಿಕೊಂಡಿತು. ಆ ಬಿಸಿಯಲ್ಲಿ ನಮ್ಮ ಕೈಬೆರಳುಗಳಿಗೆ ಜೀವ ಬಂತು, ಹೊತ್ತು ತಂದಿದ್ದ ಇನ್ನೊಂದು ಸಿಲಿಂಡರಿನ ತಿರುಪು ತಿರುಗಿಸಲು ಶಕ್ತಿ ಬಂತು. ಕೆಳಗಿನ ದಟ್ಟ ಗಾಳಿ ನಿಧಾನವಾಗಿ ತನ್ನ ಕೆಲಸ ಮಾಡಿತು. ಬೆಳಗಾಗುವಾಗ ತುಟಿಯ ನೀಲಿ ಹೋಗಿತ್ತು. ಅವನು ಕಣ್ಣುಬಿಟ್ಟು ಒಲೆಯನ್ನೂ ಕ್ಯಾನನ್ನೂ ನೋಡಿದ.

"ಆ ದೆವ್ವ ನಾನೇ ಅಂತ ಗೊತ್ತಿರ್ಲಿಲ್ಲ ಸಾರ್."

ಹೋದ ಜೀವ ಬಂದಂತಾಯಿತು. ನಾವೆಲ್ಲ ಒಟ್ಟಿಗೆ ನಕ್ಕೆವು, ಅಗತ್ಯಕ್ಕಿಂತ ಜೋರಾಗಿಯೇ ನಕ್ಕೆವು.

ನೆತ್ತಿಯ ಮೇಲೆ ಇನ್ನೂ ಮೋಡವಿತ್ತು. ಹಳ್ಳದ ಬಯಲಿನಲ್ಲಿ ಬಿಸಿಲು. ಹೆಲಿಕಾಪ್ಟರ್ ಅಲ್ಲಿ ಇಳಿಯಿತು. ರೋಗಿಯ ಜೊತೆ ಒಬ್ಬರಿಗೆ ಮಾತ್ರ ಜಾಗ. ಅದರಲ್ಲೇ, ತಿಂಗಳುಗಳಿಂದ ಎತ್ತರದ ಠಾಣೆಗಳಲ್ಲೇ ಓಡಾಡಿ ಒಗ್ಗಿದ್ದ ಬೆಟಾಲಿಯನ್ ವೈದ್ಯರು ಬಂದಿದ್ದರಿಂದ ಅವರೇ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಆದರೆ ಅವರು ಕೆಳಗಿಳಿದು, "ನಾನು ನಿಮ್ಮ ಜೊತೆ ಪೋಸ್ಟಿಗೆ ಬರುತ್ತೇನೆ, ಉಳಿದವರನ್ನೂ ಪರೀಕ್ಷಿಸಬೇಕು. ದಾರಿಯಲ್ಲಿ ಆಮ್ಲಜನಕದ ಮಾಸ್ಕ್ ಹಿಡಿಯಲು ಒಬ್ಬರು ಹತ್ತಿ" ಎಂದರು. ಎಲ್ಲರ ಕಣ್ಣೂ ಶಿವಾನಂದನ ಮೇಲೆ ನಿಂತವು. ತನ್ನ ರಜೆ ಮರಳಿ ಬಂದಿದೆ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಹತ್ತಿದ ಮೇಲೆ ನಾವು ಕ್ಯಾನುಗಳನ್ನು ಒಪ್ಪವಾಗಿ ಜೋಡಿಸಿ, ಬಾಗಿಲು ಭದ್ರಪಡಿಸಿ ಮೇಲಕ್ಕೆ ನಡೆದೆವು. ಆ ಚಳಿಗಾಲವಿಡೀ ಇಬ್ಬರ ಪಾಳಿಯನ್ನು ಉಳಿದವರು ಹಂಚಿಕೊಂಡೆವು, ಗೊಣಗಿಕೊಂಡೇ, ಅನ್ನಿ.

ಮಂಜುನಾಥ ಆಸ್ಪತ್ರೆಯಿಂದ ಪೂರ್ತಿ ಗುಣವಾಗಿ ಬಂದ. ಶಿವಾನಂದ ಮಗಳನ್ನು ಎತ್ತಿಕೊಂಡ, ಆದರೆ ಹೆಸರಿಡಲು ಒಪ್ಪಲಿಲ್ಲ. ಡಾಕ್ಟರ್ ಸಾಹೇಬರೂ ಇಳಿದು ಬರಲಿ ಎಂದ. ಹೀಗಾಗಿ ಮುಂದಿನ ಬೇಸಿಗೆಯಲ್ಲಿ ಮೂವರಿಗೂ ರಜೆ ಸಿಕ್ಕು, ಯಲಹಂಕದ ಆ ಮನೆಯಲ್ಲಿ ಶಾಸ್ತ್ರ ನಡೆದಾಗ ಮಗು ತೊಟ್ಟಿಲಿನಿಂದ ತಾನೇ ಇಳಿಯಲು ಹೊರಟಿತ್ತು. ಶಿವಾನಂದನಿಗೆ ಅಕ್ಕತಂಗಿಯರಿಲ್ಲ. ಸೋದರತ್ತೆಯಾಗಿ ಮಗುವಿನ ಕಿವಿಯಲ್ಲಿ ಗಂಗಾ ಎಂದು ಹೆಸರು ಹೇಳಿದವಳು ತಣಿಸಂದ್ರದಿಂದ ಬಂದ ಮಂಜುನಾಥನ ಅಕ್ಕ. ಹೆಸರು ಹೇಳುವವರ ಬೆನ್ನಿಗೆ ಗುದ್ದುವುದು ಶಿವಾನಂದನ ಮನೆಯವರ ಪದ್ಧತಿ. ಅಕ್ಕನ ನಂತರ ಮಂಜುನಾಥನೂ ಹೆಸರು ಹೇಳಲು ಬಗ್ಗಿದ. ಹೆಂಗಸರೆಲ್ಲ ಸೇರಿ ಅವನ ಬೆನ್ನಿಗೆ ಧಪಧಪ ಬಾರಿಸತೊಡಗಿದರು.

ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಮುಂದೆ ಬರುವವನು ಯಾರೆಂದು ಕೇಳದೆ ಎಣ್ಣೆ ಇಟ್ಟು ಹೋಗು. ಮತ್ತೆ, ಇಳಿಯಬೇಕಾದಾಗ ನಾಚಿಕೆಪಡಬೇಡ. ಆದರೆ ಆ ಕ್ಷಣದಲ್ಲಿ ಈ ಯಾವ ವಿವೇಕವೂ ನನಗಿರಲಿಲ್ಲ. ಹಿಂದೆ ನನ್ನ ಕಿವಿಗೆ ನೀರಿನ ಸದ್ದು ಕೇಳಿಸಿದ್ದು ಅದೇ ಬೆನ್ನಿನಲ್ಲಿ. "ಮೆಲ್ಲಗೆ ಕಣ್ರಮ್ಮಾ!" ಎಂದು ಕೂಗಿಬಿಟ್ಟೆ.

ಮಂಜುನಾಥ ಬಗ್ಗಿದಲ್ಲೇ ನಕ್ಕ. "ಬಾರಿಸ್ಲಿ ಬಿಡಿ ಸಾರ್. ಒಳಗೆ ಈಗ ಬರೀ ಗಾಳಿ."