ನೆನಪಿಲ್ಲದ ಮಾದಲಿಗೆ ಕ್ಷಮೆ ಕೇಳಿದ್ದು

ಒಂದು ಭಾನುವಾರ ಶಹಾಪುರದ ಒಂದು ಕೋಣೆಯಲ್ಲಿ ಸಿಹಿ ಮಾದಲಿಯ ಡಬ್ಬಿಯನ್ನು ಖಾಲಿ ಮಾಡಿದ್ದು ನಾನೋ ಅಲ್ಲವೋ, ನನಗೆ ಇವತ್ತಿಗೂ ಖಚಿತವಿಲ್ಲ. ಖಚಿತವಿಲ್ಲ ಎಂದು ಬರೆಯುವಾಗಲೇ ಇದು ಪ್ರಾಮಾಣಿಕತೆಯೋ ತಪ್ಪಿಸಿಕೊಳ್ಳುವ ದಾರಿಯೋ ಎಂಬ ಅನುಮಾನವೂ ಬರುತ್ತದೆ. ನಾನು ಭೌತಶಾಸ್ತ್ರ ಓದಿದವನು, ಯಾದಗಿರಿಯ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಅಳತೆ ಬರೆದ ಮೇಲೆ ಅದರಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಆ ಭಾನುವಾರದ ವಿಷಯದಲ್ಲಿ ನಾನು ಬರೆಯಬೇಕಾದ ತಪ್ಪು ಅಳತೆಗಿಂತ ದೊಡ್ಡದಿದೆ.

ನೆನಪಿರುವುದನ್ನು ಮೊದಲು ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಏಳೂವರೆಗೆ ನಾವು ಐದು ಮಂದಿ ಶಹಾಪುರದ ಒಂದು ಟ್ಯೂಷನ್ ಕೋಣೆಯಲ್ಲಿ ಸೇರುತ್ತಿದ್ದೆವು. ಕರಿಹಲಗೆಯ ಮೇಲೆ ಹಿಂದಿನ ದಿನದ ಬೀಜಗಣಿತ ಹಾಗೇ ಉಳಿದಿರುತ್ತಿತ್ತು. ಐವರಿಗೂ ಒಂದೇ ರೋಗ. ತಿನ್ನಲು ಶುರು ಮಾಡಿದರೆ ನಿಲ್ಲಿಸಲಾಗುತ್ತಿರಲಿಲ್ಲ, ಹಸಿವಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕುಡಿತ ಬಿಡುವವರ ಕೂಟಗಳಲ್ಲಿ ಹನ್ನೆರಡು ಹೆಜ್ಜೆಗಳೆಂದು ಇರುತ್ತವೆ. ನನ್ನ ಕೈಲಾಗುವುದಿಲ್ಲ ಎಂದು ಒಪ್ಪಿಕೊಳ್ಳುವುದು, ತನಗಿಂತ ದೊಡ್ಡದೊಂದರ ಮೊರೆ ಹೋಗುವುದು, ನೋಯಿಸಿದವರ ಪಟ್ಟಿ ಮಾಡಿ ಅವರ ಬಳಿ ಹೋಗಿ ಸರಿಪಡಿಸಿಕೊಳ್ಳುವುದು, ದಿನವೂ ಪ್ರಾರ್ಥನೆ, ಧ್ಯಾನ, ಹೀಗೆ. ಅವನ್ನೇ ನಾವು ಊಟಕ್ಕೆ ಹೊಂದಿಸಿಕೊಂಡಿದ್ದೆವು.

ಇದನ್ನೆಲ್ಲ ತಂದವರು ನಾವು ಕಾಕಾ ಎಂದು ಕರೆಯುವ ಹಿರಿಯರು. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಬೇರೆ ಊರಿನ ಕೂಟವೊಂದರಲ್ಲಿ ಕುಡಿತ ಬಿಟ್ಟಿದ್ದರು, ಗ್ಲಾಸು ಬಿಟ್ಟ ಕೈ ತಟ್ಟೆ ಹಿಡಿದಿತ್ತು. ಎರಡನೆಯವರು ಸುರಪುರದಲ್ಲಿ ಖಾನಾವಳಿ ನಡೆಸುವ ಅಕ್ಕ. ಐವತ್ತರ ಆಸುಪಾಸು, ಮೊಣಕಾಲು ನೋವು, ರಕ್ತದಲ್ಲಿ ಸಕ್ಕರೆ. ಮೊದಲ ದಿನವೇ ಹೇಳಿದ್ದರು: "ಊಟದಿಂದ ದೂರ ಇರ್ರಿ ಅಂತೀರಿ. ನಾ ಬೆಳಿಗ್ಗಿ ಐದಕ್ಕ ಎದ್ದು ಇನ್ನೂರು ರೊಟ್ಟಿ ಬಡಿಸ್ತೀನಿ. ಎಷ್ಟು ದೂರ ಹೋಗ್ಲಿ, ಚಂದ್ರನ ಮ್ಯಾಲ?" ಉಳಿದಿಬ್ಬರು ಒಂದು ವಾರ ಬಂದರೆ ಎರಡು ವಾರ ಬರುತ್ತಿರಲಿಲ್ಲ.

ನಾನು ಹೋದದ್ದು ವೈದ್ಯರು ಹೆದರಿಸಿದ್ದಕ್ಕೆ. ದೇವರ ಮಾತು ಬಂದಾಗಲೆಲ್ಲ ಕುರ್ಚಿಯಲ್ಲಿ ಮಿಸುಕಾಡುತ್ತಿದ್ದೆ. ಕಾಕಾ ಅದನ್ನು ಗಮನಿಸಿ ಒಂದು ದಿನ ಕೇಳಿದರು.

"ಸರ, ನಿಮಗಿಂತ ದೊಡ್ಡದು ಏನಾರ ಅದನೋ ಇಲ್ಲೋ?"

"ಗುರುತ್ವಾಕರ್ಷಣೆ ಅದರಿ."

"ಸಾಕು. ಅದಕ್ಕ ಕೈ ಮುಗೀರಿ."

"ಅದು ಕೇಳಿಸ್ಕೊಳ್ಳಂಗಿಲ್ರಿ ಕಾಕಾ."

"ಕೇಳಿಸ್ಕೊಳ್ಳಾಕ ನಾವ್ ಇದ್ದೀವಲ್ಲ. ನೀವು ಹೇಳ್ರಿ, ಅಷ್ಟ."

ಬಸ್ಸಿನಲ್ಲಿ ಯಾದಗಿರಿಗೆ ಮರಳುವಾಗ ಇಡೀ ದಾರಿ ಅದನ್ನೇ ಯೋಚಿಸಿದೆ. ಪ್ರಾರ್ಥನೆ ಕೆಲಸ ಮಾಡುವುದಾದರೆ ಯಾವ ಭಾಗ ಕೆಲಸ ಮಾಡುತ್ತದೆ? ಮಾತೋ, ಬಾಯಿಬಿಟ್ಟು ಹೇಳುವುದೋ, ಪಕ್ಕದಲ್ಲಿ ಇನ್ನೊಬ್ಬರು ಕೂತಿರುವುದೋ? ಬೇರ್ಪಡಿಸಿ ನೋಡುವ ಪ್ರಯೋಗ ಹೇಗೆಂದು ನನಗೆ ಹೊಳೆಯಲಿಲ್ಲ.

ಈಗ ನಮ್ಮ ತಪ್ಪು. ನಮ್ಮ ಕಡೆ ಪ್ರಾರ್ಥನೆಯಾದ ಮೇಲೆ ಪ್ರಸಾದವಿಲ್ಲದೆ ಯಾರೂ ಏಳುವುದಿಲ್ಲ. ಎದ್ದರೆ ಪೂಜೆ ಅರ್ಧಕ್ಕೆ ನಿಂತಂತೆ. ಹಾಗಾಗಿ ತಿನ್ನುವುದನ್ನು ನಿಲ್ಲಿಸಲಾಗದ ಐವರು ಪ್ರತಿ ವಾರ ಒಂದು ಗಂಟೆ ತಿನ್ನುವುದರ ಬಗ್ಗೆ ಗೋಳಾಡಿ, ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು, ಕೊನೆಗೆ ಸಿಹಿ ಹಂಚಿಕೊಳ್ಳುತ್ತಿದ್ದೆವು. ಎರಡು ತಿಂಗಳು ಇದು ಯಾರಿಗೂ ವಿಚಿತ್ರವೆನಿಸಲಿಲ್ಲ. ಪ್ರಸಾದ ಊಟದ ಲೆಕ್ಕಕ್ಕೆ ಬರುತ್ತದೆಂದು ನಮಗೆ ಹೊಳೆಯಲೇ ಇಲ್ಲ. ಕಾಕಾರ ಮನೆಯವರು ಮಾದಲಿ ಮಾಡಿ ಕಳಿಸುತ್ತಿದ್ದರು. ಗೋಧಿಯ ಚಪಾತಿ ಮುರಿದು ಪುಡಿ ಮಾಡಿ, ಬೆಲ್ಲ, ಒಣಕೊಬ್ಬರಿ, ಏಲಕ್ಕಿ ಬೆರೆಸಿದ್ದು. ಒಬ್ಬೊಬ್ಬರ ಅಂಗೈಗೆ ಒಂದು ಚಮಚ ಹಾಕಿದ ಮೇಲೆ ಉಳಿದದ್ದು ಡಬ್ಬಿಯಲ್ಲೇ ಕಾಕಾರ ಮನೆಗೆ ಹೋಗುತ್ತಿತ್ತು.

ಆ ಭಾನುವಾರ ನಾವು ಮೂವರೇ ಇದ್ದೆವು. ನನ್ನ ಅಂಗೈಗೂ ಒಂದು ಚಮಚ ಬಿತ್ತು, ಬಾಯಿಗೆ ಹಾಕಿಕೊಂಡೆ. ಕಾಕಾಗೆ ಫೋನ್ ಬಂತು, ಮಾತಾಡುತ್ತ ರಸ್ತೆಗಿಳಿದರು. ಅಕ್ಕ ಚಾಪೆ ಸುತ್ತುತ್ತಿದ್ದರು. ಡಬ್ಬಿಯ ಮುಚ್ಚಳವನ್ನು ನಾನು ಒತ್ತಿ ಹಾಕಿದೆ, ಆ ಟಪ್ ಎಂಬ ಸದ್ದು ನೆನಪಿದೆ. ಆಮೇಲೆ ಕಿಟಕಿಯ ಬಳಿ ನಿಂತಿದ್ದೆ. ಕಾಕಾ ಒಳಗೆ ಬಂದಾಗ ಡಬ್ಬಿ ಅಕ್ಕನ ಕೈಯಲ್ಲಿತ್ತು, ಖಾಲಿ. ಬೆಳಿಗ್ಗೆ ಕಾಕಾ ತಂದಾಗ ಅರ್ಧಕ್ಕಿಂತ ಮೇಲೆ ತುಂಬಿತ್ತು.

"ಖಾನಾವಳಿ ಅಕ್ಕಾರ ಕೈಯಾಗ ಡಬ್ಬಿ ಕೊಟ್ರ ಇನ್ನೇನು ಉಳೀತದ?" ಎಂದರು ಕಾಕಾ, ತಮಾಷೆಗೆ.

ಅಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟು ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಟರು. ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಕಾಕಾ ಎರಡು ಸಲ ಫೋನ್ ಮಾಡಿದಾಗ, "ಗಿರಾಕಿ ಭಾಳ ಅದಾರ್ರಿ" ಎಂದರಂತೆ. ನಮ್ಮಂಥವರು ಕೂಟ ಬಿಟ್ಟರೆ ಏನಾಗುತ್ತದೆಂದು ನಮಗೆ ಗೊತ್ತು. ಸುರಪುರದಿಂದ ನಮ್ಮ ಕಾಲೇಜಿಗೆ ಬರುವವರೊಬ್ಬರು, ಅಕ್ಕನ ಕಾಲಿನ ಗಾಯ ಮಾಯುತ್ತಿಲ್ಲ, ಸಕ್ಕರೆ ಏರಿದೆ ಎಂದು ಹೇಳಿದರು.

ಅವರು ಹೋದ ಮೇಲೆಯೇ ನಮಗೆ ಪ್ರಸಾದದ ವಿಷಯ ಹೊಳೆದದ್ದು. ಈಗ ಪ್ರಾರ್ಥನೆಯ ಕೊನೆಗೆ ವಿಭೂತಿ ಹಚ್ಚಿಕೊಳ್ಳುತ್ತೇವೆ. ಟ್ಯೂಷನ್‌ನವರು ಭಾನುವಾರವೂ ಪಾಠ ಶುರು ಮಾಡಿದ್ದರಿಂದ ಕೂಟ ಶಹಾಪುರದಲ್ಲೇ ಇರುವ ಕಾಕಾರ ಮನೆಯ ಮುಂಗೋಣೆಗೆ ಬಂತು.

ಧ್ಯಾನ ಕಲಿಸಿದ್ದೂ ಕಾಕಾ. "ಲಿಂಗ ಅದನ್ರಿ?" ಎಂದು ಕೇಳಿದರು. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಕೊರಳಿಂದ ತೆಗೆದು ಟ್ರಂಕಿನಲ್ಲಿಟ್ಟಿದ್ದೆ, ಟ್ರಂಕು ಎಲ್ಲಿದೆಯೋ ಗೊತ್ತಿರಲಿಲ್ಲ. "ಇರ್ಲಿ ಬಿಡ್ರಿ. ಲಿಂಗ ಇದ್ದವ್ರು ಎಡಗೈಯಾಗ ಇಟ್ಕೊಂಡು ನೋಡ್ತಾರ. ನೀವು ಬಲಗೈ ನೋಡ್ರಿ, ಖಾಲಿ. ತಿನ್ನೂ ಕೈ ಅದೇ ಅಲ್ಲೇನು?"

ಹಾಗಾಗಿ ದಿನವೂ ಬೆಳಿಗ್ಗೆ ಹತ್ತು ನಿಮಿಷ ನನ್ನ ಬಲ ಅಂಗೈ ನೋಡುತ್ತ ಕೂರುತ್ತೇನೆ. ಮೊದಮೊದಲು ನಗು ಬರುತ್ತಿತ್ತು. ಮೂರನೇ ವಾರಕ್ಕೆ ಕುತೂಹಲ ಹುಟ್ಟಿತು. ಕೈ ಸುಮ್ಮನಿರುವುದಿಲ್ಲ, ಬೆರಳ ತುದಿಗಳು ತಾವಾಗಿಯೇ ಸೇರುತ್ತವೆ, ತುತ್ತು ಹಿಡಿದಂತೆ. ನಾನು ಹೇಳದೆ ಅವು ಚಲಿಸುವುದನ್ನು ನೋಡುವುದು ಪ್ರಯೋಗಶಾಲೆಯಲ್ಲಿ ಗೊತ್ತಿಲ್ಲದ ಪ್ರಾಣಿಯನ್ನು ನೋಡಿದಂತಿತ್ತು.

ಒಂದು ಬೆಳಿಗ್ಗೆ ಹೀಗೆ ಕೂತಿದ್ದಾಗ ಸ್ಟೀಲಿನ ತಳಕ್ಕೆ ಚಮಚ ಕೆರೆಯುವ ಸದ್ದು ನೆನಪಾಯಿತು. ಜೊತೆಗೇ ಹಲ್ಲಿನ ಸಂದಿಯಲ್ಲಿ ಕೊಬ್ಬರಿ. ಒಂದು ಚಮಚ ಮಾದಲಿಯಲ್ಲಿ ಅಷ್ಟು ಕೊಬ್ಬರಿ ಇರುವುದಿಲ್ಲ.

ಇದು ನೆನಪೋ, ಆಗ ತಾನೇ ಕಟ್ಟಿದ್ದೋ? ನೆನಪನ್ನು ಪ್ರತಿ ಸಲ ತೆಗೆದಾಗ ಅದು ಹೊಸದಾಗಿ ತಯಾರಾಗುತ್ತದೆಂದು ಓದಿದ್ದೇನೆ. ಮುಚ್ಚಳ ಒತ್ತಿದ ಸದ್ದೂ ಹಾಗೇ ತಯಾರಾದದ್ದಿರಬಹುದು. ನಾನು ತಿನ್ನುವಾಗ ಎಚ್ಚರ ಎಲ್ಲೋ ಹೋಗಿರುತ್ತದೆ. ಬಿಸ್ಕತ್ತಿನ ಖಾಲಿ ಪೊಟ್ಟಣ ನೋಡಿ ಯಾರು ತಿಂದರೆಂದು ಮನೆಯಲ್ಲಿ ಜಗಳ ತೆಗೆದಿದ್ದೇನೆ, ಪುಡಿ ನನ್ನ ಅಂಗಿಯ ಮೇಲೇ ಇರುತ್ತಿತ್ತು.

ಕಾಕಾಗೆ ಹೇಳಿದೆ. "ಕಾಕಾ, ನಾನ ಮಾಡೀನಿ ಅಂತ ಗೊತ್ತಿಲ್ದ ಹೆಂಗ ಕ್ಷಮಾ ಕೇಳಬೇಕು? ಅದು ಸುಳ್ಳಾಗಂಗಿಲ್ಲೇನು?"

"ಗೊತ್ತಿದ್ದಷ್ಟು ಹೇಳಿ ಬರ್ರಿ. ಆಕಿ ಐದು ತಿಂಗಳಾತು ಬಂದಿಲ್ಲ. ನೀವು ಪುರಾವೆ ಹುಡುಕೂದ್ರಾಗ ಆಕಿ ಕಾಲು ಹೋಗ್ತದ."

ಮರುದಿನ ಸುರಪುರಕ್ಕೆ ಹೋದೆ. ಬೆಳಿಗ್ಗೆ ಹನ್ನೊಂದು, ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಒಳಗೆ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಅಕ್ಕ ಎತ್ತರದ ಸ್ಟೂಲಿನ ಮೇಲೆ ಕೂತು ಬದನೆಕಾಯಿ ಸೀಳುತ್ತಿದ್ದರು. ಎಡಗಾಲಿಗೆ ಬಟ್ಟೆ ಸುತ್ತಿದ್ದರು.

"ಬರ್ರಿ ಸರ. ಊಟಕ್ಕೋ, ಮಾತಿಗೋ?"

"ಮಾತಿಗ್ರಿ, ಅಕ್ಕಾರ."

"ಹಂಗಾದ್ರ ಈ ಕಡಿ ಬರ್ರಿ. ಊಟಕ್ಕ ಬಂದವ್ರು ಆ ಕಡಿ ಕೂಡ್ತಾರ."

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತು ಹೇಳಿದೆ. "ಅವತ್ತಿನ ಮಾದಲಿ ನಾನ ತಿಂದಿರಬಹುದು ಅಂತ ಅನ್ನಸ್ತದ್ರಿ."

"ತಿಂದಿರಬಹುದು?" ಅಕ್ಕ ಚಾಕು ಕೆಳಗಿಟ್ಟರು. "ಮಳಿ ಬರಬಹುದು, ಬಸ್ಸು ಬರಬಹುದು. ಇದ್ಯಾವ ಮಾತ್ರಿ?"

"ನನಗ ನೆನಪಿಲ್ರಿ. ಒಂದು ವೇಳೆ ನಾನೇ ಆಗಿದ್ರ, ತಪ್ಪಾತು ಅಂತ ಹೇಳಾಕ ಬಂದೆ."

ರೊಟ್ಟಿ ಬಡಿಯುತ್ತಿದ್ದವರಲ್ಲಿ ಒಬ್ಬಾಕೆ ಬೆನ್ನು ತಿರುಗಿಸಿಯೇ ಅಂದಳು: "ಅಕ್ಕಾ, ಇವ್ರು ಭಾಳ ಓದ್ಯಾರ ಅಂತ ಕಾಣಸ್ತದ."

ಅಕ್ಕ ನಗಲಿಲ್ಲ. "ಮಾದಲಿ ಹೋಗ್ಲಿ ಬಿಡ್ರಿ. ಒಂದು ಹೇಳ್ರಿ. ಕಾಕಾ ಹಂಗ ಅಂದಾಗ ನೀವ್ಯಾಕ ನಕ್ಕಿರಿ?"

ನಾನು ನಕ್ಕಿದ್ದೆ. ಇದರಲ್ಲಿ ಅನುಮಾನವೇ ಇಲ್ಲ, ಜೋರಾಗಿಯೇ ನಕ್ಕಿದ್ದೆ. ಐದು ತಿಂಗಳಲ್ಲಿ ಚಮಚದ ಸದ್ದು, ಮುಚ್ಚಳದ ಸದ್ದು, ಕೊಬ್ಬರಿ ಎಲ್ಲವನ್ನೂ ತನಿಖೆ ಮಾಡಿದ್ದೆ, ಈ ನಗುವನ್ನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಲೆ ಬರೆಯುವಾಗಲೂ ಅದನ್ನು ಬಿಟ್ಟೇ ಬರೆದಿದ್ದೇನೆ. ತಿದ್ದದೆ ಹಾಗೇ ಬಿಡುತ್ತೇನೆ.

"ನಕ್ಕೆನ್ರಿ. ಕಾಕಾ ನನ್ನ ಕಡಿ ನೋಡಲಿಲ್ಲಲ್ಲ ಅಂತ ಹಗುರ ಆಗಿ ನಕ್ಕೆ. ತಪ್ಪಾತು."

ಅಕ್ಕ ಮತ್ತೆ ಚಾಕು ಎತ್ತಿಕೊಂಡರು. "ಇದಕ್ಕ 'ಒಂದು ವೇಳೆ' ಹಚ್ಚಲಿಲ್ಲ ನೋಡ್ರಿ ನೀವು," ಎಂದರು. ಆಮೇಲೆ ತಾವೇ ಹೇಳತೊಡಗಿದರು. "ನಾ ಚಾಪಿ ಸುತ್ತಿ ತಿರುಗಿ ನೋಡಿದ್ರ ನೀವು ಡಬ್ಬಿ ತಗೊಂಡು ಹಿತ್ತಲಿಗೆ ಹೊಂಟಿದ್ರಿ. ಹಿತ್ತಲ ನಲ್ಲ್ಯಾಗ ನೀರು ಹಿಡದು, ಡಬ್ಬಿ ತೊಳದು, ಆ ನೀರು ಕುಡದ್ರಿ. ಒಳಗ ಬಂದು ನನ್ನ ಕೈಯಾಗ ಕೊಟ್ರಿ."

ನಮ್ಮ ಮನೆಗಳಲ್ಲಿ ಪ್ರಸಾದದ ತಟ್ಟೆ ತೊಳೆದ ನೀರನ್ನು ಚೆಲ್ಲುವುದಿಲ್ಲ, ಕುಡಿಯುತ್ತೇವೆ. ಒಂದು ಕಣವೂ ವ್ಯರ್ಥವಾಗಬಾರದೆಂದು. ಅಮ್ಮ ಕಲಿಸಿದ್ದು. ಲಿಂಗ ಟ್ರಂಕಿಗೆ ಹೋದರೂ ಈ ಅಭ್ಯಾಸ ನನ್ನಲ್ಲಿ ಉಳಿದಿದೆ. ಆದರೆ ಆ ಕೋಣೆಗೆ ಹಿತ್ತಲಿತ್ತೆಂದೇ ನನಗೆ ನೆನಪಿಲ್ಲ.

"ಅಲ್ಲಿ ನಲ್ಲಿ ಎಲ್ಲಿತ್ರಿ?"

"ಹೋಗಿ ನೋಡ್ರಿ. ನನ್ಯಾಕ ಕೇಳ್ತೀರಿ."

"ಅವತ್ತ ಯಾಕ ಹೇಳಲಿಲ್ರಿ ಅಕ್ಕಾರ?"

"ನಾ ತಿಂದಿಲ್ಲ ಅಂದ್ರ ಆ ಕೋಣ್ಯಾಗ ಯಾರ್ ನಂಬ್ತಾರ? ಎಲ್ಲರೂ ದಿನಾ ಅದೇ ಹೇಳೂ ಮಂದಿ. ಮ್ಯಾಲ, ಅವತ್ತ ಬೆಳಿಗ್ಗಿ ಮನ್ಯಾಗ ಆರು ರೊಟ್ಟಿ ತಿಂದು, ಇಲ್ಲ ಎರಡೇ ಅಂತ ನಿಮ್ಮ ಮುಂದ ಹೇಳಿದ್ದೆ. ಯಾವ ಬಾಯಿಲೆ ಮಾತಾಡ್ಲಿ?" ಅವರು ಕಾಲಿನ ಬಟ್ಟೆಯನ್ನು ಸರಿಮಾಡಿಕೊಂಡರು. "ಈಗ ಗಿರಾಕಿ ಹೋದ ಮ್ಯಾಲ ನಿಂತ್ಕೊಂಡೇ ತಿಂತೀನ್ರಿ. ಕುಂತ್ರ ಊಟ ಆಗ್ತದ, ನಿಂತ್ರ ಲೆಕ್ಕಿಲ್ಲ ಅಂತ ನನ್ನ ಲೆಕ್ಕ."

"ಭಾನುವಾರ ಬರ್ರಿ, ಅಕ್ಕಾರ."

"ನೋಡೂಣು."

ಹೊರಡುವ ಮುನ್ನ, ನೀವು ಪ್ರಾರ್ಥನೆ ಮಾಡುತ್ತೀರಾ ಈಗಲೂ ಎಂದು ಕೇಳಿದೆ. ನಿಜಕ್ಕೂ ತಿಳಿಯಬೇಕಿತ್ತು. "ಮಾಡ್ತೀನಿ. ಒಬ್ಬಾಕಿ ಮಾಡಿದ್ರ ಅದು ಒಲಿ ದಾಟಿ ಮುಂದ ಹೋಗಂಗಿಲ್ಲ," ಎಂದರು. ಯಾವ ಭಾಗ ಕೆಲಸ ಮಾಡುತ್ತದೆಂಬ ನನ್ನ ಪ್ರಶ್ನೆಗೆ ಇದು ಒಂದೇ ಒಂದು ಮಾದರಿಯ ಫಲಿತಾಂಶ. ನಾನು ಬರೆದಿಟ್ಟುಕೊಂಡೆ.

ಮರಳುವಾಗ ಬಸ್ಸು ಶಹಾಪುರದಲ್ಲಿ ನಿಂತಿತು. ಟ್ಯೂಷನ್ ಕೋಣೆ ನಿಲ್ದಾಣದಿಂದ ಐದು ನಿಮಿಷದ ದಾರಿ. ಇಳಿಯಲೆಂದು ಎದ್ದವನು ಮತ್ತೆ ಕೂತೆ. ಅಲ್ಲಿ ನಲ್ಲಿ ಇಲ್ಲದಿದ್ದರೆ ನಾನು ಕೇಳಿದ ಕ್ಷಮೆಯನ್ನು ಮನಸ್ಸಿನಲ್ಲೇ ವಾಪಸು ಪಡೆಯುತ್ತೇನೆಂದು ಗೊತ್ತಿತ್ತು. ಅಕ್ಕ ಬರುವುದೋ ಬಿಡುವುದೋ ತೀರ್ಮಾನವಾಗುವವರೆಗೆ ನೋಡಬಾರದೆಂದುಕೊಂಡೆ.

ಭಾನುವಾರ ಏಳೂವರೆ ಆಯಿತು, ಎಂಟು ಆಯಿತು. ಕಾಕಾ ಧ್ಯಾನ ಶುರು ಮಾಡಿಸಿದರು. ನಾನು ಅಂಗೈ ನೋಡುತ್ತಿದ್ದೆನೋ ಬಾಗಿಲು ನೋಡುತ್ತಿದ್ದೆನೋ, ಇದನ್ನಾದರೂ ಖಚಿತವಾಗಿ ಹೇಳಬಲ್ಲೆ: ಬಾಗಿಲು. ಎಂಟೂ ಹತ್ತಕ್ಕೆ ಅಕ್ಕ ಕಾಲೆಳೆಯುತ್ತ ಬಂದರು.

ಕಾಕಾ ಎದ್ದು ನಿಂತರು. "ತಂಗಿ, ಅವತ್ತ ನನ್ನ ನಾಲಿಗಿ ಉದ್ದಾತು."

"ಉದ್ದಾದ್ದು ಖರೆ. ಗೇಟು ಇಳಸೂದು ನಿಮಗ ಕಲಸ್ಬೇಕೇನ್ರಿ?" ಎಂದು ಅಕ್ಕ ಗೋಡೆಗೆ ಒರಗಿ ಕೂತರು. ಆಮೇಲೆ ಯಾರೂ ಕೇಳದೆ ತಾವಾಗಿಯೇ, "ಬೆಳಿಗ್ಗಿ ಆರು ರೊಟ್ಟಿ," ಎಂದರು. ಎಲ್ಲರೂ ಮತ್ತೆ ಧ್ಯಾನಕ್ಕೆ ಕೂತೆವು.

ಅವರನ್ನು ಸುರಪುರದ ಬಸ್ಸಿಗೆ ಹತ್ತಿಸಿ ನಾನು ಟ್ಯೂಷನ್ ಕೋಣೆಯ ಕಡೆ ನಡೆದೆ. ಒಳಗೆ ಪಾಠ ನಡೆದಿತ್ತು. ಪಕ್ಕದ ಸಂದಿಯಿಂದ ಸುತ್ತಿ ಹೋದೆ. ಹಿತ್ತಲಿದೆ. ಅಲ್ಲಿ ಮೊಣಕಾಲೆತ್ತರಕ್ಕೆ ಒಂದು ನಲ್ಲಿ ಇದೆ.